ಬ್ಯಾಡಗಿ ಗಾಳಿಯ ಬಲೂನು

ಹೆಂಡತಿ ರೋಹಿಣಿಗೆ ನೆಗಡಿಯಾಗಿ ಮೂಗು ಕಟ್ಟಿದೆ ಎಂಬ ಸುದ್ದಿ ಹಲಗೇರಿಯಿಂದ ಬಂದಾಗ ದುರುಗೇಶನಿಗಾದ ಸಂತೋಷ ಅಷ್ಟಿಷ್ಟಲ್ಲ. ಬೀಡಿ ಬಿಡುವ ತನಕ ಬರುವುದಿಲ್ಲವೆಂದು ಅವಳು ಕೂಸನ್ನೆತ್ತಿಕೊಂಡು ತವರು ಸೇರಿದ್ದಳು. ಬಿಟ್ಟೆನೆಂದು ಇವನು ಫೋನಿನಲ್ಲಿ ಹೇಳಿದ್ದ, ಬಿಟ್ಟಿರಲಿಲ್ಲ. ಇವತ್ತು ಮಗಳ ಮೊದಲ ಹುಟ್ಟುಹಬ್ಬ. ಆ ಮೂಗು ತೆರೆಯುವುದರೊಳಗೆ ಹೆಂಡತಿಯನ್ನು ಕರೆತಂದುಬಿಡಬೇಕು. ಮುಂದಿನದು ಮುಂದೆ.

ಬಲೂನು ತರುವ ಜವಾಬ್ದಾರಿ ಅವನದು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಅವನ ಕೆಲಸ. ಮುಂಜಾನೆಯೇ ಗಾಳಿ ತುಂಬಿ, ಬಿಸಿಲು ತಾಕದಿರಲೆಂದು ಬಲೂನುಗಳನ್ನು ಒಳಗೆ ಮೆಣಸಿನಕಾಯಿ ಚೀಲಗಳ ಪಕ್ಕ ಇಟ್ಟ. ಚಹಾ ಕುಡಿದು ಬಂದು ನೋಡಿದರೆ, ಹಲ್ಲುದುರಿದ ಮುದುಕರ ಗಲ್ಲದಂತೆ ಎಲ್ಲವೂ ಸೊರಗಿದ್ದವು.

"ಸೋರಾಕತ್ತಾವಲೇ ದುರುಗ್ಯಾ," ಎಂದ ಜೊತೆಗಾರ ಲಕ್ಕಪ್ಪ. "ಇನ್ನಷ್ಟು ಹೊಡಿ. ಬೀಗರ ಮುಂದ ಮರ್ಯಾದಿ ಪ್ರಶ್ನೆ."

ಅಲ್ಲೇ ಕುಳಿತು ಸೈಕಲ್ ಪಂಪಿನಿಂದ ಹೊಡೆದರು. ಆ ಕೋಣೆಯಲ್ಲಿ ಗಾಳಿಗಿಂತ ಮೆಣಸಿನಕಾಯಿಯ ಧೂಳೇ ಹೆಚ್ಚು. ವರ್ಷಗಟ್ಟಲೆ ಅದನ್ನೇ ಉಸಿರಾಡಿದ ಇವರಿಗೆ ಅದು ಗೊತ್ತಾಗಬೇಕಲ್ಲ!

ಟಂಟಂ ಗಾಡಿ ಮೋಟೆಬೆನ್ನೂರು ದಾಟುವಷ್ಟರಲ್ಲಿ ಬಲೂನುಗಳು ಮೈತುಂಬಿಕೊಂಡವು. ರಾಣೆಬೆನ್ನೂರಿನಲ್ಲಿ ಇಳಿದು, ಹಲಗೇರಿ ಬಸ್ಸು ಹತ್ತುವ ಮುಂಚೆ ದುರುಗೇಶ ಧೈರ್ಯಕ್ಕೊಂದು ಬೀಡಿ ಸೇದಿದ. ಕಟ್ಟಿದ ಮೂಗಿಗೆ ಯಾವ ಬೀಡಿ, ಯಾವ ಊದುಬತ್ತಿ?

"ಬರ್ರಿ ಅಳಿಯಂದ್ರ! ಏನ್ ಬಲೂನ್ರಿ ಇವು, ಕುಂಬಳಕಾಯಿ ಇದ್ದಂಗ ಅದಾವ!" ಎಂದು ಅತ್ತೆ ಜಯವ್ವ ಅವನ್ನು ಅಂಗಳದ ಬಿಸಿಲಲ್ಲೇ ಕಟ್ಟಿಸಿದಳು.

ಕೂಸನ್ನು ಒಳಗೆ ಮಲಗಿಸಿ ಬಂದ ರೋಹಿಣಿ ಗಂಡನ ಹತ್ತಿರ ನಿಂತು ಮೂಸಿ ನೋಡಿದಳು. ಏನೂ ತಿಳಿಯಲಿಲ್ಲ.

"ಖರೇನ ಬಿಟ್ಟೀರಿ?"

"ನಿನ್ನಾಣಿ."

"ಹಂಗಾರ ಸಂಜೀಕ ಹೋಗೂಣು. ಅರಿವಿ ಗಂಟು ಕಟ್ಟೇನಿ."

ಕಟ್ಟಿಟ್ಟ ಬಟ್ಟೆಯ ಗಂಟು ನೋಡಿ ದುರುಗೇಶ ಹಿಗ್ಗಿಹೋದ. ಆ ಹಿಗ್ಗಿನಲ್ಲೇ, ಬಲೂನು ತಂಪಿನಲ್ಲಿ ಕುಗ್ಗಿದ್ದನ್ನೂ ತಾನು ಮತ್ತೆ ತುಂಬಿದ್ದನ್ನೂ ನೆರೆಮನೆಯ ಚನ್ನೇಶ ಮಾಸ್ತರರಿಗೆ ಬಣ್ಣಿಸಿದ.

"ಅವು ಸೋರಿಲ್ಲರೀ!" ಮಾಸ್ತರರು ಎದ್ದೇ ನಿಂತರು. "ಗಾಳಿ ಅಂದ್ರ ಸಣ್ಣ ಸಣ್ಣ ಕಣ. ಥಂಡ್ಯಾಗ ಮೆಲ್ಲಕ ಓಡ್ಯಾಡ್ತಾವ, ರಬ್ಬರಿಗೆ ಬೀಳೂ ಹೊಡ್ತ ಕಮ್ಮಿ, ಬಲೂನು ಕುಗ್ಗತೈತಿ. ನೀವು ಅದರಾಗ ಮತ್ತಷ್ಟು ಕಣ ತುರುಕೀರಿ. ಈಗ ಬಿಸಲಾಗ ಅವೆಲ್ಲಾ ಹುಚ್ಚೆದ್ದು ಓಡಾಕತ್ತಾವ, ಒಳಗಿಂದ ದಬಾದಬಾ ಗುದ್ದಾಕತ್ತಾವ, ಬಲೂನು ಹಿಗ್ಗಾಕತ್ತೈತಿ..."

"ಹಂಗಾರ ನೆರಳಿಗೆ ಒಯ್ಯೂಣೇನ್ರಿ?" ಜಯವ್ವ ಕೇಳಿದಳು.

"ತಡೀರಿ, ನಂದಿನ್ನೂ ಮುಗದಿಲ್ಲ."

ಢಂ!

ಒಂದರ ಹಿಂದೊಂದು, ಪಟಾಕಿಯ ಸರದಂತೆ. ಅಂಗಳದ ತುಂಬ ಕೆಂಪು ಧೂಳು. ಮಾಸ್ತರರ ಪಾಠ ಸೀನಿನಲ್ಲಿ ಮುಗಿಯಿತು. ಜಯವ್ವ ಸೀನಿದಳು, ಬಂದವರೆಲ್ಲ ಸೀನಿದರು, ಗ್ವಾದಲಿಯಲ್ಲಿ ಮೇವು ತಿನ್ನುತ್ತಿದ್ದ ಎಮ್ಮೆಯೂ ಸೀನಿತು. ರೋಹಿಣಿಯಂತೂ ಸೀನಿ ಸೀನಿ ಕಟ್ಟೆಯ ಮೇಲೆ ಕುಸಿದಳು. ಸೀನದವನು ದುರುಗೇಶ ಒಬ್ಬನೇ.

ಕೊನೆಗೆ ಅವಳು ಉದ್ದಕ್ಕೆ ಉಸಿರೆಳೆದುಕೊಂಡಳು. "ಅವ್ವಾ! ನನ್ನ ಮೂಗು ಬಿಡ್ತವ್ವಾ!"

ಪಾಪ, ಕಣ್ಣೊರೆಸಿಕೊಳ್ಳಲೆಂದು ದುರುಗೇಶ ಹೆಗಲ ಮೇಲಿನ ಟವೆಲ್ಲು ಕೊಟ್ಟ. ಅದನ್ನು ಮುಖಕ್ಕೊಯ್ದ ರೋಹಿಣಿ ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಅವ್ವಾ," ಎಂದಳು, "ಅರಿವಿ ಗಂಟು ಬಿಚ್ಚು."