ಮನೆಗೆ ತೊಡಿಸಿದ ಸ್ವೆಟರ್

“ಮೂರು ದಿನ! ಮೂರೇ ದಿನದಲ್ಲಿ ಈ ಛಾವಣಿ ಹೊಸದಾಗದಿದ್ರೆ ನನ್ನ ಹೆಸರು ಆರ್ವಿಡ್ ಸ್ಕೋಗ್ ಅಲ್ಲ!”

ಹೀಗೆಂದು ಘೋಷಿಸಿದ ವೀರನು ಅಂಗಳದ ಹುಲ್ಲಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು, ತನ್ನ ಮನೆಯ ನೆತ್ತಿಯನ್ನು ದಿಟ್ಟಿಸುತ್ತಿದ್ದನು. ಕೇಳಿಸಿಕೊಂಡವಳು ಅವನ ಹೆಂಡತಿ ಮಾರ್ಲಿಸ್. ಇಷ್ಟು ವರ್ಷಗಳ ಸಂಸಾರದಲ್ಲಿ ಅವನು ಹೆಸರು ಬದಲಾಯಿಸಿಕೊಳ್ಳಬೇಕಾಗಿದ್ದ ಸಂದರ್ಭಗಳನ್ನು ಆಕೆ ಬೇಕಾದಷ್ಟು ಕಂಡಿದ್ದಳು.

“ಯಾರಾದ್ರೂ ಕೆಲಸ ಬಲ್ಲವರನ್ನ ಕರೆಸು. ಛಾವಣಿಗೆ ಹೊದಿಸಿರೋ ಹಳೇ ಶಿಂಗಲ್ ಹಾಳೆ ಎಲ್ಲ ಕಿತ್ತು, ಅಚ್ಚುಕಟ್ಟಾಗಿ ಹೊಸದು ಹಾಕಿ ಹೋಗ್ತಾರೆ.”

“ಕೀಳೋದು ಯಾಕೆ? ಜನವರೀಲಿ ಚಳಿ ಆದ್ರೆ ಒಳಗಿನ ಅಂಗಿ ಬಿಚ್ಚಿ ಸ್ವೆಟರ್ ಹಾಕ್ಕೋತೀಯಾ? ಅಂಗಿ ಮೇಲೇ ಹಾಕ್ಕೋತೀಯ ತಾನೆ? ಮನೆಗೂ ಅಷ್ಟೇ ಮಾರ್ಲಿಸ್! ಹಳೇದರ ಮೇಲೆ ಹೊಸದು!”

“ಈಗ ಜುಲೈ, ಆರ್ವಿಡ್.”

ವರ್ಷದಲ್ಲಿ ಅರ್ಧ ಭಾಗ ಹಿಮದಡಿ ಮಲಗುವ ಉತ್ತರ ಮಿನ್ನೆಸೋಟದಲ್ಲಿ ಸ್ವೆಟರಿನ ವಾದಕ್ಕೆ ಎದುರು ವಾದವಿಲ್ಲ. ಜುಲೈ ತಿಂಗಳನ್ನು ಆರ್ವಿಡ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅವಸರಕ್ಕೆ ಕಾರಣವಿತ್ತು. ನಾರ್ವೆ ಮೂಲದ ಈ ಮನೆಯ ಮಗಳು ಸೋನ್ಯಾ ಒಬ್ಬ ಫಿನ್ನಿಷ್ ಮನೆತನದ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಂದೆ ರೈನೋ ಕಂಗಾಸ್, ತಾಯಿ ಲೆಂಪಿ, ಶನಿವಾರ ಮೊದಲ ಬಾರಿಗೆ ಬಂದು ಎರಡು ದಿನ ಉಳಿಯುವವರಿದ್ದರು. ಉಳಿಯಲು ಇದ್ದದ್ದು ಮಹಡಿಯ ಕೋಣೆ ಒಂದೇ. ಆ ಕೋಣೆಯ ಸೂರೋ, ಮಳೆ ಬಂದಾಗಲೆಲ್ಲ ಗುರಿಯಿಟ್ಟಂತೆ ದಿಂಬಿನ ಮೇಲೆಯೇ ಸೋರುತ್ತಿತ್ತು.

ಸೋನ್ಯಾ ತಾನಿದ್ದ ಊರಿನಿಂದ ಫೋನ್ ಮಾಡಿ ಅಂಗಲಾಚಿದ್ದಳು. “ಅಪ್ಪ, ಅವರಮ್ಮ ನನ್ನ ಹತ್ರ ಇನ್ನೂ ನಾಲ್ಕು ಮಾತು ಆಡಿಲ್ಲ. ಮದುವೆ ಒಪ್ಪಿಗೆಯೋ ಅಲ್ಲವೋ, ಅದೂ ಗೊತ್ತಿಲ್ಲ. ದಯವಿಟ್ಟು ಅವರ ತಲೆ ಮೇಲೆ ನೀರು ಸುರಿಸಬೇಡ!”

“ಒಂದು ಹನಿ ಬಿದ್ರೆ ಕೇಳು!” ಎಂದಿದ್ದನು ಆರ್ವಿಡ್.

ಬುಧವಾರ ಬೆಳಗ್ಗೆ ಏಣಿ ಗೋಡೆಗೆ ಒರಗಿತು. ಡಾಂಬರು ಮೆತ್ತಿದ ಕಪ್ಪು ಶಿಂಗಲ್ ಹಾಳೆಗಳ ಕಟ್ಟುಗಳನ್ನು ಹೆಗಲಿಗೇರಿಸಿಕೊಂಡು ಆರ್ವಿಡ್ ಗಿರಿಶಿಖರವನ್ನೇರುವ ಸೇನಾಪತಿಯಂತೆ ಹತ್ತಿದನು. ಮಧ್ಯಾಹ್ನದ ಹೊತ್ತಿಗೆ ಸೇನಾಪತಿ ಕಟ್ಟನ್ನು ಹೊರುತ್ತಿದ್ದನೋ, ಕಟ್ಟೇ ಸೇನಾಪತಿಯನ್ನು ಹಿಡಿದು ನಿಲ್ಲಿಸಿತ್ತೋ, ಕೆಳಗಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ!

ಹಳೆಯ ಶಿಂಗಲ್‌ಗಳು ಬಿಸಿಲಿಗೆ ಸುರುಳಿ ಸುತ್ತಿ ಕರಿದ ಹಪ್ಪಳದಂತೆ ಎದ್ದು ನಿಂತಿದ್ದವು. ಅವುಗಳ ಮೇಲೆ ಹಾಸಿದ ಹೊಸವೂ ಹಾಗೆಯೇ ಉಬ್ಬಿದವು.

“ಆರ್ವಿಡ್, ಛಾವಣಿ ಅಲೆ ಅಲೆಯಾಗಿ ಕಾಣ್ತಿದೆಯಲ್ಲೋ!”

“ಸರೋವರಗಳ ನಾಡು ಕಣೇ ಇದು! ಹೊಂದ್ಕೊಳ್ಳುತ್ತೆ.”

ಎರಡು ಪದರಕ್ಕೆ ಉದ್ದನೆಯ ಮೊಳೆ ಬೇಕೆಂಬುದು ಅವನಿಗೆ ತಿಳಿದಿತ್ತು. ಆದ್ದರಿಂದ ಅಂಗಡಿಯಲ್ಲಿದ್ದವುಗಳಲ್ಲಿ ಅತ್ಯಂತ ಉದ್ದನೆಯದನ್ನೇ ತಂದಿದ್ದನು. ಗುರುವಾರ ಸಂಜೆ ಮಾರ್ಲಿಸ್ ಜಗಲಿಗೆ ಬಂದು ತಲೆಯೆತ್ತಿದರೆ, ಹಲಗೆ ತೂರಿ ಬಂದ ಮೊಳೆಯ ಮೊನೆಗಳು ಮುಳ್ಳುಹಂದಿಯ ಬೆನ್ನಿನಂತೆ ಮಿರುಗುತ್ತಿದ್ದವು!

“ಎತ್ತರದವರು ಯಾರಾದ್ರೂ ಬಂದ್ರೆ?”

“ಬಗ್ಗಿ ಬರ್ತಾರೆ. ವಿನಯ ಒಳ್ಳೇದು.”

ಶುಕ್ರವಾರ ಅವನ ಕೈ ಛಾವಣಿಯ ನೆತ್ತಿಯನ್ನು ಮುಟ್ಟಿತು. ಅಲ್ಲಿ ನಾಲ್ಕು ತಗಡಿನ ಗೂಡುಗಳು ತಲೆಯೆತ್ತಿ ಕುಳಿತಿದ್ದವು. ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿದಿರಬೇಕು. ಆರ್ವಿಡ್‌ನ ವೃತ್ತಿ ಚಳಿಗಾಲದಲ್ಲಿ ಜಿಲ್ಲೆಯ ರಸ್ತೆಗಳಿಂದ ಹಿಮ ತಳ್ಳುವ ಲಾರಿ ನಡೆಸುವುದು. ಹಿಮದೊಳಗೆ ಅಡಗಿ ಕುಳಿತ ಟಪಾಲು ಪೆಟ್ಟಿಗೆಗಳು ಅವನ ಲಾರಿಗೆ ಸಿಕ್ಕಿ ಹಾರಿಹೋಗುವುದು, ಅವುಗಳ ಯಜಮಾನರು ಅವನನ್ನು ಬಯ್ಯುವುದು, ಪ್ರತಿ ಚಳಿಗಾಲದ ಕಥೆ. ನುಣುಪಾದ ಮೈಯಿಂದ ಮೇಲಕ್ಕೆ ತಲೆಯೆತ್ತಿದ ಯಾವ ವಸ್ತುವನ್ನೂ ಅವನು ಕ್ಷಮಿಸುತ್ತಿರಲಿಲ್ಲ.

ನಾಲ್ಕೂ ಕಿತ್ತು ಬಂದವು. ಅವುಗಳ ಕೆಳಗೆ ತೂತುಗಳಿದ್ದವು!

“ಮಾರ್ಲಿಸ್! ಸಿಕ್ತು, ಸಿಕ್ತು! ಸೋರ್ತಿದ್ದದ್ದು ಇಲ್ಲಿಂದಲೇ! ಛಾವಣೀಲಿ ನಾಲ್ಕು ತೂತು! ಈ ಮನೆ ಕಟ್ಟಿದವನಿಗೆ ಬುದ್ಧಿ ಇತ್ತಾ?”

“ಅದು ಯಾವುದಕ್ಕೋ ಇಟ್ಟಿರ್ಬೇಕು, ಮುಟ್ಟಬೇಡ!”

“ತೂತು ಯಾವುದಕ್ಕೆ ಇಡ್ತಾರೆ? ಸೋರೋದಕ್ಕಾ?”

ತೂತುಗಳಿಗೆ ಹಲಗೆ ಬಿತ್ತು. ಹಲಗೆಯ ಮೇಲೆ ಶಿಂಗಲ್ ಬಿತ್ತು. ಸಂಜೆ ಗುಡುಗಿ, ಅರ್ಧ ಗಂಟೆ ಮಳೆ ಸುರಿಯಿತು. ಇಬ್ಬರೂ ಮಹಡಿಗೆ ಓಡಿ ದಿಂಬನ್ನು ಮುಟ್ಟಿ ನೋಡಿದರು. ಗರಿಗರಿಯಾಗಿ ಒಣಗಿತ್ತು! ಆ ರಾತ್ರಿ ಊಟಕ್ಕೆ ಆರ್ವಿಡ್ ಮೇಜಿನ ತಲೆಕಡೆಗೆ ಕುಳಿತು, ಆಲೂಗಡ್ಡೆಯನ್ನು ಮಹಾರಾಜನಂತೆ ಬಡಿಸಿಕೊಂಡನು.

ಶನಿವಾರ ಸೂರ್ಯನು ಬೇರೆಲ್ಲೂ ಕೆಲಸವಿಲ್ಲದವನಂತೆ ನೇರವಾಗಿ ಆ ಕಪ್ಪು ಛಾವಣಿಯ ಮೇಲೆಯೇ ಬಂದು ಕುಳಿತನು. ಮಧ್ಯಾಹ್ನಕ್ಕೆ ಬೀಗರಾಗಬೇಕಾದವರು ಬಂದರು. ರೈನೋ ಗಣಿಯಲ್ಲಿ ದುಡಿದು ನಿವೃತ್ತನಾದ ಭಾರೀ ಆಳು. ಜಗಲಿಯಲ್ಲಿ ವಿನಯದಿಂದ ಬಗ್ಗಿ ಒಳಗೆ ಬಂದನು. ಲೆಂಪಿ ಸಣ್ಣ ದೇಹದ, ಬಿಗಿದ ತುಟಿಯ ಹೆಂಗಸು. “ದಾರಿ ಚೆನ್ನಾಗಿತ್ತಾ?” ಎಂದರೆ “ಹೂಂ”. “ಊಟ ರುಚಿಸಿತಾ?” ಎಂದರೆ “ಹೂಂ”. ಸೋನ್ಯಾ ಹೇಳಿದ ನಾಲ್ಕು ಮಾತಿನಲ್ಲಿ ಎರಡು ಅಲ್ಲಿಗೆ ಖರ್ಚಾದವು. ಊಟ ಮುಗಿಸಿ ಇಬ್ಬರೂ ವಿಶ್ರಾಂತಿಗೆಂದು ಮಹಡಿಗೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ಮಾರ್ಲಿಸ್ ತಣ್ಣೀರಿನ ಹೂಜಿ ಹಿಡಿದು ಮೆಟ್ಟಿಲು ಹತ್ತಿದಳು. ಅರ್ಧದಲ್ಲೇ ಮುಖಕ್ಕೆ ಬಿಸಿ ಬಡಿಯಿತು. ಒಲೆಯ ಬಾಗಿಲು ತೆರೆದಂತೆ! ಹೂಜಿಯ ಸಮೇತ ಕೆಳಗೆ ಬಂದವಳ ಮುಖ ಬಿಳಿಚಿತ್ತು.

“ಆರ್ವಿಡ್! ಆ ತಗಡಿನ ಗೂಡು ಯಾಕೆ ಇತ್ತು ಅಂತ ಈಗ ಗೊತ್ತಾಯ್ತು. ಮಾಡಿನೊಳಗಿನ ಬಿಸಿಗಾಳಿ ಹೊರಗೆ ಹೋಗೋ ದಾರಿ ಕಣೋ ಅದು!”

ಆರ್ವಿಡ್‌ನ ಕೈಯಲ್ಲಿದ್ದ ಕಾಫಿ ಅಲ್ಲಿಯೇ ನಿಂತಿತು. “ಹಾಗಾದ್ರೆ ಮೇಲಿರೋವ್ರು...?”

“ಬೇಯ್ತಿದಾರೆ! ಬೀಗರನ್ನ ಮನೆಗೆ ಕರೆದು ಬೇಯಿಸಿದ್ದೀಯ! ಇನ್ನು ಆಯ್ತು ನಮ್ಮ ಮಗಳ ಮದುವೆ!”

“ಹೋಗಿ ಎಬ್ಬಿಸಿ ಕೆಳಗೆ ಕರ್ಕೊಂಡು ಬರ್ಲಾ?”

“ಏನಂತ ಹೇಳಿ ಎಬ್ಬಿಸ್ತೀಯ? ಬೆಂದಿದ್ದು ಸಾಕು ಅಂತಲಾ?”

ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ರೈನೋ ಇಳಿದು ಬಂದನು. ಸೊಂಟಕ್ಕೆ ಟವೆಲು, ಮೈಯೆಲ್ಲ ಬೀಟ್‌ರೂಟಿನ ಬಣ್ಣ, ಗಡ್ಡದ ತುದಿಯಿಂದ ತೊಟ್ಟಿಕ್ಕುವ ಬೆವರು. ಮುಖದಲ್ಲೋ ಹುಣ್ಣಿಮೆಯ ಬೆಳಕು!

“ಆರ್ವಿಡ್! ಕಾಲಿಟ್ಟ ಕೂಡಲೇ ಗುರುತು ಹಿಡಿದೆ. ಸೌನಾ! ನಮ್ಮ ಕಡೆ ಹಿತ್ತಲಲ್ಲಿ ಬೇರೆ ಗುಡಿಸಿಲು ಕಟ್ಟಿ, ಕಲ್ಲು ಕಾಯಿಸಿ, ಬೆವರು ಇಳಿಸ್ತೀವಿ. ನೀವು ಹಾಸಿಗೆ ಸಮೇತ ಮಾಡಿದ್ದೀರಿ! ನಾರ್ವೆ ಕಡೆಯವರು ನಮಗೆ ಇಷ್ಟು ಮರ್ಯಾದೆ ಮಾಡಿದ್ದನ್ನ ನಾನೆಲ್ಲೂ ಕೇಳಿಲ್ಲ!”

ಮಾರ್ಲಿಸ್ ಗಂಡನ ಕಡೆ ನೋಡಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುತ್ತಿರಲಿಲ್ಲ. ಆರ್ವಿಡ್ ಗಂಟಲು ಸರಿಪಡಿಸಿಕೊಂಡನು.

“ಏನೋ, ದೊಡ್ಡದೇನಲ್ಲ ಬಿಡಿ. ನಿಮಗೆ ಇಷ್ಟವಾಗಬಹುದು ಅಂತ ಸ್ವಲ್ಪ ತಲೆ ಓಡಿಸಿದೆ. ಗಾಳಿ, ಶಾಖ, ಎಲ್ಲಕ್ಕೂ ಒಂದು ಲೆಕ್ಕಾಚಾರ ಇದೆ...”

ರೈನೋನ ಬೆನ್ನ ಹಿಂದೆ ಲೆಂಪಿ ಇಳಿದು ಬಂದಿದ್ದಳು. ಒದ್ದೆ ಕೂದಲು ಹಣೆಗೆ ಅಂಟಿತ್ತು. ಕುರ್ಚಿ ಎಳೆದು ಕುಳಿತು, ಮಾರ್ಲಿಸ್ ಕೊಟ್ಟ ತಣ್ಣೀರನ್ನು ಒಂದೇ ಉಸಿರಿಗೆ ಕುಡಿದು, ಲೋಟವನ್ನು ಮೇಜಿನ ಮೇಲಿಟ್ಟಳು.

“ಎಷ್ಟು ಗೂಡು ಮುಚ್ಚಿದ್ರಿ?” ಎಂದು ಕೇಳಿದಳು.

ಆರ್ವಿಡ್‌ನ ಲೆಕ್ಕಾಚಾರವೆಲ್ಲ ಕುಸಿಯಿತು. “ನಾ... ನಾಲ್ಕು.”

“ನಮ್ಮನೆಯವರು ಐದು ಮುಚ್ಚಿದ್ರು. ಹಳೇ ಶಿಂಗಲ್ ಮೇಲೆ ಹೊಸದು ಹಾಕ್ತೀನಿ ಅಂತ ಹತ್ತಿದ್ರು. ಮದುವೆಯಾದ ಹೊಸದು ಆಗ. ನನ್ನ ತವರಿನವರು ಬಂದಿದ್ರು, ಮಹಡೀಲಿ ಮಲಗಿಸಿದ್ವಿ. ಬೆಳಗ್ಗೆ ಎದ್ದು ಇವರು ಎಲ್ಲರಿಗೂ ಏನಂದ್ರು ಗೊತ್ತಾ? ‘ಸೌನಾ ಮಾಡಿದ್ದೀನಿ!’ ”

ರೈನೋ ಟವೆಲಿನ ಗಂಟನ್ನು ಬಹಳ ಶ್ರದ್ಧೆಯಿಂದ ಬಿಗಿ ಮಾಡಿಕೊಳ್ಳತೊಡಗಿದನು.

ಮೊದಲು ನಕ್ಕವಳು ಮಾರ್ಲಿಸ್. ಬಿಗಿದ ತುಟಿಯ ಲೆಂಪಿ ಎರಡು ಕ್ಷಣ ತಡೆದಳು, ಮೂರನೆಯದಕ್ಕೆ ಒಡೆದಳು. ಇಬ್ಬರೂ ಮೇಜಿಗೆ ಹಣೆ ಹಚ್ಚಿಕೊಂಡು, ಪಕ್ಕೆ ಹಿಡಿದುಕೊಂಡು, ಕಣ್ಣೀರು ಬರುವವರೆಗೆ ನಕ್ಕರು. ಗಂಡಸರಿಬ್ಬರೂ ಕಿಟಕಿಯಾಚೆಯ ಮರವನ್ನು ಅದೇ ಮೊದಲು ಕಂಡವರಂತೆ ನೋಡುತ್ತ ನಿಂತರು.

ಲೆಂಪಿ ಕಣ್ಣೊರೆಸಿಕೊಂಡು ಮಾರ್ಲಿಸ್‌ಳ ಕೈ ಹಿಡಿದಳು. “ಮದುವೆ ಸೆಪ್ಟೆಂಬರ್‌ನಲ್ಲಿ ಇಟ್ಕೊಳ್ಳೋಣ. ಅಷ್ಟು ಹೊತ್ತಿಗೆ ಮನೆ ತಣ್ಣಗಾಗಿರುತ್ತೆ. ಸೋನ್ಯಾ ಒಳ್ಳೇ ಹುಡುಗಿ. ನನಗೆ ಮಾತು ಬರಲ್ಲ, ಅಷ್ಟೇ.”

ಮಾರ್ಲಿಸ್ ಫೋನಿನ ಹತ್ತಿರ ಹೋಗಿ ಮಗಳಿಗೆ ಸುದ್ದಿ ಮುಟ್ಟಿಸಿದಳು. ಆಚೆ ಕಡೆಯ ಕಿರುಚಾಟ ಅಡುಗೆಮನೆಯವರೆಗೂ ಕೇಳಿಸಿತು.

ಬಿಸಿಲು ತಗ್ಗಿದ ಮೇಲೆ ಇಬ್ಬರು ಬೀಗರನ್ನೂ ಏಣಿ ಹತ್ತಿಸಲಾಯಿತು. ಬೀಗಿತ್ತಿಯರು ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು, ಕಾಫಿ ಹಿಡಿದು, ಮೇಲ್ವಿಚಾರಣೆಗೆ ಕುಳಿತರು. ಒಂದು ತೂತು ತೆರೆದು, ಅದರ ಮೇಲೆ ತಗಡಿನ ಗೂಡು ಮತ್ತೆ ಕುಳಿತಿತು. ಎರಡನೆಯದೂ ತೆರೆಯಿತು. ಆಮೇಲೆ ಸುತ್ತಿಗೆಯ ಸದ್ದು ನಿಂತಿತು. ರೈನೋ ಆರ್ವಿಡ್‌ನ ಕಿವಿಯ ಬಳಿ ಬಗ್ಗಿದನು.

“ಮೂರು ತೆರೆದು ಒಂದನ್ನ ಮುಚ್ಚಿದ ಹಾಗೇ ಬಿಡೋಣವಾ? ಚಳಿಗಾಲಕ್ಕೆ...”

ಆರ್ವಿಡ್‌ನ ಕಣ್ಣು ಮಿನುಗಿತು. “ನಾನೂ ಅದನ್ನೇ ಯೋಚಿಸ್ತಿದ್ದೆ!”

“ನಾಲ್ಕೂ!” ಎಂದು ಕೆಳಗಿನಿಂದ ಎರಡು ಕಂಠಗಳು ಒಟ್ಟಿಗೆ ಕೂಗಿದವು. ಹೆಚ್ಚು ಜೋರಾಗಿದ್ದದ್ದು, ಮಾತು ಬಾರದ ಲೆಂಪಿಯದು!