ಕೂಸಿನ ತೂಕ, ಸಾಹೇಬರ ಉಪ್ಪಿಟ್ಟು

ತಕ್ಕಡಿ, ದಾಖಲೆ ಪುಸ್ತಕ, ಸಾಹೇಬರು ಈ ಮೂರೂ ಒಂದೇ ಕೋಣೆಯಲ್ಲಿ ಸೇರಿದ ದಿನ ಏನಾದರೊಂದು ಆಗದೆ ಬಿಡುತ್ತಿರಲಿಲ್ಲ. ಕುಮಟೆಯ ಕಡಲ ಬದಿಯಲ್ಲಿ ಹುಟ್ಟಿ, ಮದುವೆಯಾಗಿ ಗಜೇಂದ್ರಗಡಕ್ಕೆ ಬಂದ ನಾನು ನೇಕಾರರ ಓಣಿಯೊಂದರ ಅಂಗನವಾಡಿಯಲ್ಲಿ ಟೀಚರಾಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು.

ಆ ವರ್ಷ ನನ್ನ ನಿದ್ದೆ ಕೆಡಿಸಿದ್ದು ಎರಡು ವರ್ಷದ ಒಂದು ಹೆಣ್ಣುಕೂಸು. ತಾಯಿ ಮಗ್ಗದ ಮೇಲೆ, ಕೂಸು ಅಜ್ಜಿಯ ಕಂಕುಳಲ್ಲಿ. ಕೈಕಾಲು ಕಡ್ಡಿ. ಅದರ ತೂಕ ತೀರಾ ಕಡಿಮೆಯೆಂದು ಮೇಲಿನವರು ಒಪ್ಪಿದರೆ ದಿನಕ್ಕೆ ಎರಡು ಪಾಲು ಆಹಾರ. ಇಲ್ಲದಿದ್ದರೆ ಒಂದೇ. ಆ ಒಪ್ಪಿಗೆಯ ಸಹಿ ಬೀಳುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

೧. ಬೆಳ್ಳಿ

ತೂಕದ ದಿನ ಅಜ್ಜಿ ಕೂಸನ್ನು ಮದುವಣಗಿತ್ತಿಯಂತೆ ಸಿಂಗರಿಸಿ ತಂದಳು. ಕಾಲಿಗೆ ಬೆಳ್ಳಿ ಕಡಗ, ಸೊಂಟಕ್ಕೆ ಬೆಳ್ಳಿ ಉಡದಾರ, ಮೇಲೆ ಎರಡು ಅಂಗಿ. ತಕ್ಕಡಿಯ ಮುಳ್ಳು ಗುಂಡು ಮಗುವಿನ ಅಂಕಿಗೆ ಹೋಗಿ ನಿಂತಿತು.

"ಎಲ್ಲ ತೆಗೀರಿ ಅಜ್ಜಿ," ಅಂದೆ.

"ಓಣಿ ಮಂದಿ ಮುಂದ ನಮ್ಮ ಕೂಸು ಹಗೂರಾತಂದ್ರ ಮರ್ಯಾದಿ ಏನ್ ಉಳೀತೈತ್ರಿ ಟೀಚರ?"

"ಹಗುರಾದರೆ ಎರಡು ಪಾಲು ಸಿಗ್ತದೆ."

ಅಜ್ಜಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕಡಗ ಬಿಚ್ಚಿದಳು, ಉಡದಾರ ಬಿಚ್ಚಿದಳು, ಅಂಗಿ ಬಿಚ್ಚಿದಳು. ಕೊನೆಗೆ ಕೂಸಿನ ದಟ್ಟ ಹುಟ್ಟುಗೂದಲ ಮೇಲೆ ಕೈಯಿಟ್ಟು ಕೇಳಿದಳು: "ಜವಳಾನೂ ಇಲ್ಲೇ ತಗಸಿ ಬಿಡ್ಲೇನ್ರಿ?"

೨. ರುಚಿ

ಬಡಿಸುವ ಮೊದಲು ಓಣಿಯ ಒಬ್ಬ ತಾಯಿ ಅಡುಗೆಯ ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಈ ಕೆಲಸ ಬಳೆಗಾರನ ಹೆಂಡತಿಯದು. ಆಕೆಗೆ ದಿನಾ ಬರಲು ಪುರಸೊತ್ತಿಲ್ಲ. ತಿಂಗಳ ಮೊದಲ ದಿನವೇ ಕೊನೆಯ ಸಾಲಿನ ತನಕ "ಚಲೋ ಐತಿ" ಎಂದು ಬರೆದು ಹೋಗಿದ್ದಳು. ನಾನೂ ನೋಡಿರಲಿಲ್ಲ. ತಪ್ಪು ನನ್ನದೇ.

ನಾನು ಬರೆದು ಕಳಿಸಿದ ಕೂಸಿನ ತೂಕ ವಿಚಾರಿಸಲು ರೋಣದ ಕಚೇರಿಯಿಂದ ಬಂದ ಸಾಹೇಬರು ಮೊದಲು ತೆರೆದದ್ದೇ ಆ ಪುಸ್ತಕ. ಆಕೆಯನ್ನು ಕರೆಸಿದರು.

"ಎಂಟು ದಿನದಿಂದ ಉಪ್ಪಿಟ್ಟಿನ ರವಾನೇ ಬಂದಿಲ್ಲ. ಒಲಿ ಹಚ್ಚಿಲ್ಲ. ನಿನ್ನಿನೂ 'ಚಲೋ ಐತಿ' ಅಂದ್ರ ಹ್ಯಾಂಗವ್ವಾ?"

ಆಕೆ ಸೆರಗು ಸರಿಮಾಡಿಕೊಂಡಳು. "ಮಾಡಲಾರದ ಅಡಗಿಗೆ ನಾ ಹ್ಯಾಂಗ ಕೆಟ್ಟ ಹೆಸರಿಡ್ಲಿರೀ ಸಾಹೇಬ್ರ?"

೩. ನೂಲು

ಒಂದು ಪುಸ್ತಕ ಸುಳ್ಳಾದ ಮೇಲೆ ನನ್ನ ತೂಕದ ಪುಸ್ತಕವನ್ನು ಯಾರು ನಂಬುತ್ತಾರೆ? ಮುಂದಿನ ವಾರ ತಮ್ಮೆದುರೇ ಕೂಸನ್ನು ತೂಗಬೇಕೆಂದು ಸಾಹೇಬರು ಹೇಳಿಹೋದರು. ಏಳು ದಿನ ನಾನು ಬಾಗಿಲಿಗೂ ಒಲೆಗೂ ಓಡಾಡಿದೆ.

ಬಂದರು. ಅಷ್ಟರಲ್ಲಿ ರವೆಯೂ ಬಂದಿತ್ತು. ಬಿಸಿ ಉಪ್ಪಿಟ್ಟನ್ನು ಸಾಹೇಬರೇ ರುಚಿ ನೋಡುತ್ತೇನೆಂದರು. ಒಂದು ತಟ್ಟೆ ರುಚಿ ನೋಡಿ ಇನ್ನೊಂದು ಹಾಕಿಸಿಕೊಂಡರು. ಅವರು ತಿನ್ನುತ್ತಿರುವಾಗಲೇ ಬರಿಮೈಯ ಕೂಸನ್ನು ತೂಗಿದೆ. ಮುಳ್ಳು ಅರ್ಧ ದಾರಿಯೂ ಹೋಗಲಿಲ್ಲ.

"ತಕ್ಕಡಿ ಸರಿ ಇಲ್ಲ," ಅಂದರು ಸಾಹೇಬರು. "ಕಾಗದದ ಪ್ರಕಾರ ಈ ಕೂಸಿಗೆ ಆರು ತಿಂಗಳಿಂದ ಆಹಾರ ಕಳಿಸೀವಿ. ಹಿಂಗ ಇರಾಕ ಸಾಧ್ಯ ಇಲ್ಲ."

ಅಜ್ಜಿ ಮುಂದೆ ಬಂದಳು.

"ಸಾವಕಾರ್ರು ನಮಗ ನೂಲು ತೂಗಿ ಕೊಡ್ತಾರ್ರಿ. ಸೀರಿ ನೇದು ಒಯ್ದಾಗ ಮತ್ತ ತೂಗ್ತಾರ. ಕಡಿಮಿ ಬಂದ್ರ ತಕ್ಕಡಿ ಸರಿ ಇಲ್ಲ ಅನ್ನೂದಿಲ್ಲ, ನೂಲು ಎಲ್ಲಿ ಹೋತಂತ ನಮ್ಮನ್ನ ಕೇಳ್ತಾರ. ನೀವು ತೂಗಿ ಕಳಿಸಿದ್ದು ಖರೇ. ಕೂಸಿನ ಮೈಯಾಗ ಬಂದಿಲ್ಲ, ಅದೂ ಖರೇ. ಹಂಗಾರ ನಡುವ ಯಾರ ತಿಂದ್ರು?"

ಸಾಹೇಬರು ಎರಡು ಪಾಲಿನ ಹಾಳೆ ಎಳೆದುಕೊಂಡು ಅಲ್ಲೇ ಸಹಿ ಹಾಕಿದರು, ಎಡಗೈಯಲ್ಲಿ. ಬಲಗೈ ತುಂಬ ಮಕ್ಕಳ ಉಪ್ಪಿಟ್ಟಿತ್ತು.