ಗೋಡೆ ಕಾಯುವ ಕ್ಯಾಮೆರಾದವರಿಗೆ ಒಂದು ಬಲಭುಜದ ಅಹವಾಲು

ನೆಲಮಂಗಲದಾಚೆ, ಹೆದ್ದಾರಿ ಬದಿಯ ನಮ್ಮ ಗೋದಾಮಿನ ಎರಡನೇ ಪ್ಲಾಟ್‌ಫಾರಂ ಕಂಬದ ಮೇಲೆ ರೆಪ್ಪೆ ಬಡಿಯದೆ ಕುಳಿತಿರುವ ಸಿಸಿ ಕ್ಯಾಮೆರಾದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಹೋದರೆ ನಮ್ಮ ಫ್ಯಾನು ನಿಲ್ಲುತ್ತದೆಯೇ ಹೊರತು ತಮ್ಮ ಕೆಂಪು ದೀಪ ಆರಿದ್ದನ್ನು ಯಾರೂ ಕಂಡಿಲ್ಲ, ಆದ್ದರಿಂದ ಕ್ಷೇಮ ಕೇಳಿದ್ದು ಬರೀ ಮರ್ಯಾದೆಗೆ. ನನ್ನ ಹೆಸರು ಮಮತ. ಸೋಂಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ನಾಲ್ಕು ವರ್ಷದಿಂದ ಇದೇ ಪ್ಲಾಟ್‌ಫಾರಂನಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದೇನೆ. ಪೆಟ್ಟಿಗೆ ಇಳಿಸುವ ನನ್ನ ಗುರುತು ತಮಗೆ ಹತ್ತದಿದ್ದರೆ ತಪ್ಪು ತಮ್ಮದಲ್ಲ. ಲಾರಿ ನಿಲ್ಲುವ ಕಡೆಗೆ ಬೆನ್ನು ಮಾಡಿಸಿ, ನಾವು ಊಟಕ್ಕೆ ಕೂರುವ ಖಾಲಿ ಗೋಡೆಯತ್ತ ಕಂಪನಿಯವರು ತಮ್ಮ ಮುಖ ತಿರುಗಿಸಿಟ್ಟಿದ್ದಾರೆ. ಗೋಡೆಯನ್ನು ಯಾರಾದರೂ ಕದ್ದಾರೆಂಬ ಭಯವಿರಬೇಕು.

ಎರಡು ತಿಂಗಳ ಹಿಂದೆ ತಮ್ಮ ಬೆನ್ನ ಹಿಂದೆ ಕುಕ್ಕರ್ ಪೆಟ್ಟಿಗೆಗಳ ಸಾಲು ಜಾರಿತು. ಕೆಳಗೆ ಕಸ ಗುಡಿಸುತ್ತಿದ್ದ ಮುನಿತಾಯಮ್ಮನ ತಲೆಯ ಮೇಲೆ ಬೀಳದಿರಲೆಂದು ಬಲಗೈ ಒಡ್ಡಿದೆ. ತಲೆ ಉಳಿಯಿತು, ನನ್ನ ಭುಜದೊಳಗೆ ಏನೋ ಅರ್ಧ ಹರಿಯಿತು. ಕೆಲಸದ ವೇಳೆಯಲ್ಲೇ ಆಯಿತೆಂಬುದಕ್ಕೆ ಕ್ಯಾಮೆರಾ ದಾಖಲೆಯಿಲ್ಲ, ಆದ್ದರಿಂದ ಪರಿಹಾರವೂ ಇಲ್ಲವೆಂದು ಕಂಪನಿ ಕಾಗದ ಕೊಟ್ಟಿತು. ಮುನಿತಾಯಮ್ಮನ ತಲೆ ದಾಖಲೆಯಲ್ಲವಂತೆ.

ಡಾಕ್ಟರು ಸ್ಕ್ಯಾನಿಂಗ್ ನೋಡಿ, ಆಪರೇಷನ್ನೂ ಮಾಡಬಹುದು, ಮೂರು ತಿಂಗಳು ಫಿಸಿಯೋಥೆರಪಿ ಮಾಡಿಯೂ ನೋಡಬಹುದು, ನಿನ್ನಿಷ್ಟ ಎಂದರು. ಕುಯ್ದ ಮೇಲೆ ಏನು ಸಾರ್ ಎಂದು ಕೇಳಿದೆ. "ಕುಯ್ದ ಮೇಲೂ ಫಿಸಿಯೋಥೆರಪಿನೇ ಕಣಮ್ಮ" ಎಂದರು. ಎರಡು ದಾರಿಯೂ ಅದೇ ಊರಿಗೆ ಹೋಗುವುದಾದರೆ ನಡುವೆ ಈ ಕತ್ತಿಯ ಟೋಲ್‌ಗೇಟು ಯಾಕೆಂದು ನಾನು ಎರಡನೆಯದನ್ನು ಹಿಡಿದೆ. ನನ್ನ ಮಹಾಪರಾಧ ಶುರುವಾದದ್ದು ಅಲ್ಲಿಂದಲೇ.

ಯಾಕೆಂದರೆ, ಮಾನ್ಯರೇ, ಕಂಪನಿಯ ರಜೆ ಅರ್ಜಿಯಲ್ಲಿ ಗಾಯವೆಂದರೆ ಆಪರೇಷನ್ ಮಾತ್ರ. ಆಪರೇಷನ್ ಆದ ದಿನಾಂಕ, ಹಾಕಿದ ಹೊಲಿಗೆ ಎಷ್ಟು ಎಂದು ಎರಡೇ ಖಾನೆ. ಹೊಲಿಗೆಯ ಖಾನೆಯಲ್ಲಿ ನಾನು "ರವಿಕೆಯದು ಮಾತ್ರ" ಎಂದು ಬರೆದೆ, ಅರ್ಜಿ ವಾಪಸು ಬಂತು. ಮೂರು ತಿಂಗಳು ಲೇಬಲ್ ಅಂಟಿಸುವ ಮೇಜಿಗಾದರೂ ಹಾಕಿ ಎಂದು ಸೂಪರ್‌ವೈಸರ್ ಮುರಳಿಯವರನ್ನು ಕೇಳಿದರೆ, "ಕೂತ್ಕೊಂಡ್ ಮಾಡೋ ಕೆಲ್ಸ ಆಪರೇಷನ್ ಆದೋರಿಗೆ ಕಣಮ್ಮ, ನಿಂಗೇನಾಗಿದೆ, ಕೈ ಇನ್ನೂ ಅಲ್ಲೇ ಐತಲ್ಲ" ಎಂದರು. ಕೈ ಕಳಚಿಟ್ಟು ಬಂದಿದ್ದರೆ ಕುರ್ಚಿ ಹಾಕುತ್ತಿದ್ದರೋ ಏನೋ, ಇಂಥ ಉದಾರಿಗಳು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಅಂದಿನಿಂದ ಎಡಗೈಯಲ್ಲೇ ಪೆಟ್ಟಿಗೆ ತಳ್ಳುತ್ತಿದ್ದೇನೆ.

ಫಿಸಿಯೋಥೆರಪಿ ಮಾಡಿಸುವ ಅಕ್ಷತ ಮೇಡಂ ಹೇಳಿಕೊಟ್ಟದ್ದು ಇಷ್ಟೇ: ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸು, ಮುಟ್ಟಿದ ಕಡೆ ಗೆರೆ ಎಳೆ, ಆಮೇಲೆ ಮುಷ್ಟಿ ಕಟ್ಟಿ ಹತ್ತು ಸಲ ಕೈ ಎತ್ತು. "ಅಕ್ಕ, ನೋವಾದ್ರೆ ನಿಲ್ಸಿ, ಬೇಜಾರಾದ್ರೆ ಮಾತ್ರ ನಿಲ್ಲಿಸ್ಬೇಡಿ" ಎಂದಿದ್ದಾರೆ. ಊಟದ ಹೊತ್ತಿನಲ್ಲಿ, ತಮ್ಮ ಕಣ್ಣೆದುರಿನ ಗೋಡೆಯಲ್ಲೇ ಶುರು ಮಾಡಿದೆ. ಮೊದಲ ಗೆರೆ ಮೂಗಿನ ಮಟ್ಟಕ್ಕೆ ಬಿತ್ತು, ವಾರ ಕಳೆದ ಮೇಲೆ ಹಣೆಗೆ ಬಂತು. ಭುಜ ನೋಯದ ಹೆಂಗಸು ಗೋದಾಮಿನಲ್ಲಿ ಯಾವಳಿದ್ದಾಳೆ? "ನಂದೂ ಹಿಡ್ಕೊಂಡೈತೆ ಕಣವ್ವ, ನಂಗೂ ಹೇಳ್ಕೊಡು" ಎಂದು ಮೊದಲು ಮುನಿತಾಯಮ್ಮ ಬಂದಳು, ಆಮೇಲೆ ಒಟ್ಟು ಹನ್ನೊಂದು ಜನರಾದೆವು.

ಆಗ ತಾವು ನೋಡಿದಿರಿ. ಪೆಟ್ಟಿಗೆ ಬೀಳುವುದು ಕಾಣದ ತಮಗೆ ಹನ್ನೊಂದು ಮುಷ್ಟಿ ಎದ್ದದ್ದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಸಂಜೆಯೊಳಗೆ ನನಗೆ ನೋಟಿಸು ಬಂತು: ಮಹಿಳೆಯರನ್ನು ಗುಂಪುಗೂಡಿಸಿ ಘೋಷಣೆ ಕೂಗಿಸಿದ್ದು, ಮುಷ್ಕರದ ದಿನ ಎಣಿಸಲು ಗೋಡೆಗೆ ಗೆರೆ ಹಾಕಿದ್ದು, ಗುರುವಾರ ವಿಚಾರಣೆ, ತಪ್ಪೆಂದು ಕಂಡರೆ ಕೆಲಸದಿಂದ ವಜಾ. ತಮಗೆ ಕಿವಿಯಿಲ್ಲ, ಬಾಯಿ ತೆರೆದದ್ದಷ್ಟೇ ಕಂಡಿದೆ. ನಾವು ಕೂಗಿದ್ದು ಒಂದರಿಂದ ಹತ್ತು. ಅದರಲ್ಲೂ ಮುನಿತಾಯಮ್ಮ ಏಳಕ್ಕೆ ಬಂದು ಮರೆತು ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ತಾಲ್ಲೂಕು ಕಚೇರಿ ಮುಂದೆ ಬಸ್ಸಿಗಾಗಿ, ನೀರಿಗಾಗಿ ಮುಷ್ಟಿ ಎತ್ತಿದವಳು ನಾನು, ವ್ಯತ್ಯಾಸ ಬಲ್ಲೆ. ಘೋಷಣೆ ಕೂಗುವವರು ಹತ್ತಕ್ಕೆ ನಿಲ್ಲಿಸುವುದಿಲ್ಲ.

ಆದ್ದರಿಂದ ಕೈ ಮುಗಿದು ಕೇಳಿಕೊಳ್ಳುವುದೇನೆಂದರೆ (ಮುಗಿಯಲು ಈಗ ಎರಡೂ ಕೈ ಬರುತ್ತವೆ), ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಂಬದಿಂದ ದಯಮಾಡಿ ಇಳಿದು ಬಂದು ನನ್ನ ಪರ ಸಾಕ್ಷಿ ನುಡಿಯಬೇಕು. ಬರಲಾಗದಿದ್ದರೆ, ಮುಷ್ಟಿಯನ್ನು ದಾಖಲಿಸಿದ ಅದೇ ಕಣ್ಣಿನಿಂದ ಗೋಡೆಯ ಗೆರೆಗಳನ್ನು ಮೂಗಿನಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಸಾಲಾಗಿ ತೋರಿಸಿದರೂ ಸಾಕು. ಮುಷ್ಕರದ ದಿನ ಎಣಿಸುವವರು ಒಂದರ ಪಕ್ಕ ಒಂದು ಗೆರೆ ಹಾಕುತ್ತಾರೆ, ಒಂದರ ಮೇಲೊಂದು ಹತ್ತಿಸುವುದಿಲ್ಲ. ಅಲ್ಲಿರುವುದು ಒಂದು ಕೈ ಕತ್ತಿಯಿಲ್ಲದೆ ವಾಪಸು ಬಂದ ಲೆಕ್ಕ.

ಇದಿಷ್ಟನ್ನೂ ಬಲಗೈಯಲ್ಲೇ ಬರೆದ
ತಮ್ಮ ವಿಶ್ವಾಸಿ,
ಮಮತ
ಎರಡನೇ ಪ್ಲಾಟ್‌ಫಾರಂ, ತಮ್ಮ ಬೆನ್ನ ಹಿಂದೆ

ಮರೆತ ಮಾತು: ತಮ್ಮ ಕುತ್ತಿಗೆ ಒಂದೇ ಕಡೆ ಹಿಡಿದುಕೊಂಡಿರುವುದರ ಬಗ್ಗೆ ಅಕ್ಷತ ಮೇಡಂ ಹತ್ತಿರ ವಿಚಾರಿಸಿದೆ. ಆಪರೇಷನ್ ಬೇಡವಂತೆ, ದಿನಕ್ಕೆ ಹತ್ತು ಸಲ ಲಾರಿ ನಿಲ್ಲುವ ಕಡೆಗೆ ತಿರುಗಿಸಿದರೆ ಸಾಕಂತೆ. ಗುರುವಾರದೊಳಗೆ ತಮಗೇ ಸಾಧ್ಯವಾಗದಿದ್ದರೆ ಚಿಂತೆ ಬೇಡ. ಮುನಿತಾಯಮ್ಮ ಸ್ಟೂಲು ಹಿಡಿಯುತ್ತಾಳೆ, ಇವತ್ತಿನಿಂದ ನನ್ನ ಕೈ ತಮ್ಮ ಕತ್ತಿನವರೆಗೂ ಏಳುತ್ತದೆ.